ರಸವೋ, ಪ್ರದರ್ಶನವೋ?

ಉದ್ಯೋಗಾರ್ಥವಾಗಿ ಬೆಂಗಳೂರಿಗೆ ಹೋದ ನಮ್ಮ ಮಕ್ಕಳಲ್ಲಿ ಈಚೆಗೆ ಒಂದು ವಿಲಕ್ಷಣ ವ್ರತವು ಹಬ್ಬಿದೆ. ೧೯೪೩ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದ ದೋಸೆ, ರಂಗಶಂಕರದ ನಾಟಕ, ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಇವುಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ. ಹೋದೆಡೆಯಲ್ಲೆಲ್ಲ ಮೊಬೈಲಿನಿಂದ ಚಿತ್ರ ತೆಗೆದು, ಅದನ್ನು ಆ ಕ್ಷಣವೇ ಲೋಕಕ್ಕೆ ಸಾರಬೇಕು. ದೋಸೆ ಆರಿದರೆ ಆರಲಿ!

ವಿನೋದವನ್ನು ನಾವು ನಿಂದಿಸುತ್ತಿಲ್ಲ. ಊಟಕ್ಕೂ ನಾಟಕಕ್ಕೂ ನಂಟನ್ನು ತೋರಿಸಿದವನು ಭರತಮುನಿಯೇ. ನಾನಾ ವ್ಯಂಜನಗಳಿಂದ ಕೂಡಿದ ಅನ್ನವನ್ನು ಸುಮನಸ್ಕರು ಸವಿಯುವಂತೆಯೇ ಪ್ರೇಕ್ಷಕರು ಭಾವಗಳನ್ನು ಸವಿಯುವರೆಂದು ಆತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನೆಣಿಸಿ, ತನ್ನ ಸುಖದುಃಖಗಳಿಗೆ ತಾನೇ ವಶನಾಗಿರುವುದು ಅವುಗಳಲ್ಲೊಂದೆಂದನು. 'ನಾನಿಲ್ಲಿದ್ದೇನೆ' ಎಂದು ಸಾರುವ ಆತುರದಲ್ಲಿರುವವನಿಗೆ ಈ ವಿಘ್ನವು ತಪ್ಪುವುದೆಂತು?

ಇದರಿಂದ ಕಲೆಗೆ ಪ್ರಚಾರವೂ ಪರಿಷೆಗೆ ವ್ಯಾಪಾರವೂ ದೊರೆಯುವುವೆಂಬ ಸಮಾಧಾನವುಂಟು. ಕೆಲಮಟ್ಟಿಗೆ ನಿಜವೇ. ಆದರೆ ಚೀಲ ಬಿಚ್ಚಿ ಕುಳಿತ ಮುದುಕಿಗೆ ಬೇಕಾದವನು ಒಂದು ಸೇರು ಕಾಯಿ ಕೊಳ್ಳುವವನು; ಆಕೆಯನ್ನು ತನ್ನ ಚಿತ್ರಕ್ಕೆ ಹಿನ್ನೆಲೆಯಾಗಿ ಮಾಡಿಕೊಂಡು ನಡೆಯುವವನಲ್ಲ. ೨೦೦೪ರಲ್ಲಿ ಆರಂಭವಾದ ರಂಗಶಂಕರವು ತಡವಾಗಿ ಬಂದವರನ್ನು ಒಳಗೆ ಬಿಡದು. ಅದನ್ನು ಕಠೋರವೆನ್ನುವವರುಂಟು, ಆದರೆ ದೇಹವು ವೇಳೆಗೆ ಬಂದು ಮನಸ್ಸು ಹೊರಗುಳಿದರೆ, ನಟನ ಪಾಲಿಗೆ ಆ ಆಸನವು ಬರಿದೇ ಸರಿ.

ಆದುದರಿಂದ ಯುವಮಿತ್ರರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ತಿಂಗಳಿಗೊಂದು ಸಂಜೆಯಾದರೂ ಯಾರಿಗೂ ಸಾರದೆ ನಾಟಕಕ್ಕೆ ಹೋಗಿರಿ, ಮನೆಗೆ ಬಂದಾಗ, ಕಂಡುದನ್ನು ನಿಮ್ಮ ತಾಯಿತಂದೆಗಳಿಗೆ ಬಾಯಿತುಂಬ ಹೇಳಿರಿ.