ನೋವು ಹೋದ ಮೇಲೆ ಉಳಿದ ಕೆಲಸ



ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಬಂದವರನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದ ನಾನು, ನನ್ನದೇ ಬಾಯಿಯ ಕೆಲಸವೊಂದನ್ನು ಅರ್ಧಕ್ಕೆ ಬಿಟ್ಟು ದಂಡ ತೆತ್ತ ಸಂಗತಿಯನ್ನು ಇಂದು ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನನ್ನ ಕೆಳದವಡೆಯ ಹಲ್ಲೊಂದು ಹುಳುಕಾಗಿ, ರಾತ್ರಿಯ ನಿದ್ರೆಯನ್ನೇ ಕಸಿದುಕೊಂಡಿತ್ತು. ಅಮ್ಮತ್ತಿಯಿಂದ ಬಸ್ಸು ಹಿಡಿದು ವಿರಾಜಪೇಟೆಗೆ ಹೋಗಿ ರೂಟ್ ಕೆನಾಲ್ ಚಿಕಿತ್ಸೆ ಮಾಡಿಸಿಕೊಂಡೆ. ನೋವು ಹೋಯಿತು. "ತಡಮಾಡದೆ ಬಂದು ಕ್ಯಾಪ್ ಹಾಕಿಸಿಕೊಳ್ಳಿ ಮೇಷ್ಟ್ರೇ" ಎಂದು ವೈದ್ಯರು ಹೇಳಿದ್ದರು. ಕಾಫಿ ಕೊಯ್ಲು ಮುಗಿಯಲಿ ಎಂದುಕೊಂಡೆ. ಕೊಯ್ಲು ಮುಗಿಯಿತು, ಕರಿಮೆಣಸೂ ಒಣಗಿತು, ಮಳೆಗಾಲವೂ ಬಂತು. ಒಂದು ಸಂಜೆ ಸುಟ್ಟ ಹಲಸಿನ ಬೀಜವನ್ನು ಕಡಿದಾಗ ಆ ಹಲ್ಲು ಬೇರಿನವರೆಗೂ ಸೀಳಿತು. ಕೀಳಿಸುವುದರ ಹೊರತು ದಾರಿ ಇರಲಿಲ್ಲ. ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಗೆ ನಾನೇ ಉದಾಹರಣೆಯಾದೆ.

ಕ್ಯಾಪ್ ಅಥವಾ ಕ್ರೌನ್ ಎಂಬುದು ಅಂದಕ್ಕಾಗಿ, ಇಲ್ಲವೇ ವೈದ್ಯರ ಸಂಪಾದನೆಗಾಗಿ ಎಂಬ ಸಂದೇಹ ನಮ್ಮಲ್ಲಿ ಅನೇಕರಿಗಿದೆ. ನನಗೂ ಇತ್ತು. ನರ ತೆಗೆದ ಹಲ್ಲು ಒಣಮರದಂತೆ ಪೆಡಸಾಗುತ್ತದೆ ಎಂದು ಕೆಲವರು ಹೇಳುವುದುಂಟು. ಮುಖ್ಯ ಕಾರಣ ಅದಲ್ಲ. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೇರಿನ ನಾಳ ತಲುಪಲು ಕೊರೆದ ರಂಧ್ರದಿಂದ ಹಲ್ಲಿನ ಬಿಗುವು ಸುಮಾರು ಶೇಕಡಾ 5ರಷ್ಟು ಮಾತ್ರ ಕುಗ್ಗಿತ್ತು. ಎರಡೂ ಪಕ್ಕದ ಅಂಚುಗಳು ಹೋದಾಗ ಕುಗ್ಗಿದ್ದು ಶೇಕಡಾ 63ರಷ್ಟು. ಹುಳುಕು ಗೋಡೆಗಳನ್ನು ತಿಂದಿರುತ್ತದೆ. ಉಳಿದ ಗೋಡೆಗಳನ್ನು ಅಗಿಯುವ ಭಾರ ಹೊರಕ್ಕೆ ತಳ್ಳಿ ಸೀಳುತ್ತದೆ. ಗಾಡಿಯ ಚಕ್ರದ ಮರದ ತುಂಡುಗಳನ್ನು ಕಬ್ಬಿಣದ ಪಟ್ಟಿ ಬಿಗಿದು ಹಿಡಿಯುವಂತೆ, ಕ್ರೌನ್ ಹಲ್ಲನ್ನು ಸುತ್ತಲೂ ಹಿಡಿಯುತ್ತದೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕ್ರೌನ್ ಇಲ್ಲದ ಇಂತಹ ಹಲ್ಲುಗಳು ಕ್ರೌನ್ ಇದ್ದವುಗಳಿಗಿಂತ 6 ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ನಷ್ಟವಾಗಿದ್ದವು.

ಹಾಗೆಂದು ಪ್ರತಿ ಹಲ್ಲಿಗೂ ಕ್ರೌನ್ ಬೇಕೆಂದಲ್ಲ. ಹೆಚ್ಚು ಸವೆಯದ ಮುಂದಿನ ಹಲ್ಲಿಗೆ ಭರ್ತಿಯೇ ಸಾಕಾಗಬಹುದು. ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿಲ್ಲವಾದರೆ ಕ್ರೌನ್‌ಗೆ ಸರಿಯಾದ ಹಿಡಿತವಿರದು. ಇದನ್ನು ಚಿಕಿತ್ಸೆಗೆ ಮೊದಲೇ ಕೇಳಿ ತಿಳಿಯುವುದು ನಮ್ಮ ಹಕ್ಕು.

ಇನ್ನು ಬೆಲೆಯ ಮಾತು. ಸಿರಾಮಿಕ್ ಕ್ರೌನ್ ಹಲ್ಲಿನ ಬಣ್ಣದ್ದೇ ಆಗಿರುತ್ತದೆ. ಅದರಲ್ಲಿಯೂ ಜಿರ್ಕೋನಿಯಾ ದವಡೆಯ ಭಾರವನ್ನು ಚೆನ್ನಾಗಿ ತಾಳುತ್ತದೆ. ಆದರೆ ಅದಕ್ಕೆ ಹಣ ಹೊಂದಿಸುವವರೆಗೆ ಹಲ್ಲನ್ನು ಬರಿದೇ ಬಿಡುವುದು ಬುದ್ಧಿವಂತಿಕೆಯಲ್ಲ. ಯಾರ ಕಣ್ಣಿಗೂ ಬೀಳದ ಹಿಂದಿನ ಹಲ್ಲಿಗೆ ಲೋಹದ ಕ್ರೌನ್ ಕೂಡ ಅದೇ ರಕ್ಷಣೆ ನೀಡುತ್ತದೆ. 1999ರಲ್ಲಿ ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ದೂರದ ನೆಪವೂ ನಮಗೆ ಉಳಿದಿಲ್ಲ.

ಸರ್ಕಾರಕ್ಕೂ ಒಂದು ಮಾತು. ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ನೀಡಲು 2014ರಲ್ಲಿ ನಮ್ಮ ರಾಜ್ಯದಲ್ಲಿ ದಂತಭಾಗ್ಯ ಯೋಜನೆ ಬಂದಿತು. ಅದು ಶ್ಲಾಘನೀಯ. ಆದರೆ ತೋಟದ ಕೂಲಿಯ ತಾಯಿಯೊಬ್ಬಳು ಹಲ್ಲು ಕಳೆದುಕೊಳ್ಳುವ ಮುನ್ನವೇ ಅದನ್ನು ಉಳಿಸಿಕೊಡುವುದು ಇನ್ನೂ ದೊಡ್ಡ ಭಾಗ್ಯವಲ್ಲವೇ? ಒಂದು ಲೋಹದ ಕ್ರೌನ್‌ಗಾದರೂ ನೆರವು ಸಿಗಬೇಕು.

ನೋವು ನಿಂತದ್ದನ್ನೇ ಗುಣವೆಂದು ಭಾವಿಸಿ ನಾನು ಕೆಟ್ಟೆ. ನಿಮ್ಮಲ್ಲಿ ಯಾರಾದರೂ ಹೀಗೆ ಅರ್ಧಕ್ಕೆ ನಿಲ್ಲಿಸಿದ್ದರೆ, ಈ ವಾರವೇ ಹೋಗಿ ಪೂರ್ಣಗೊಳಿಸಿ. ಹಳೆಯ ಮೇಷ್ಟ್ರ ಮನೆಪಾಠವೆಂದೇ ತಿಳಿಯಿರಿ.