ರಜೆಯ ಶಾಲೆ ಮುಗಿದ ಮೇಲೆ

2000ರ ದಶಕದ ಆರಂಭದಲ್ಲಿ, ಶಾಲೆ ಬಿಟ್ಟ ಮಕ್ಕಳಿಗಾಗಿ ಸರಕಾರವು ಬೇಸಿಗೆಯಲ್ಲಿ ‘ಚಿಣ್ಣರ ಅಂಗಳ’ ನಡೆಸುತ್ತಿತ್ತು. ಮೂಡಿಗೆರೆಯ ಕಡೆ ಅಂಥದೊಂದು ಶಿಬಿರದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ತಂದೆತಾಯಿಯಿಲ್ಲದೆ, ಕಾಫಿತೋಟದ ಲೈನಿನಲ್ಲಿ ಸೋದರತ್ತೆಯ ಆಶ್ರಯದಲ್ಲಿದ್ದ ಹುಡುಗನೊಬ್ಬ ಎರಡೇ ತಿಂಗಳಲ್ಲಿ ಓದಲು ಕಲಿತ. ಕೊನೆಯ ದಿನ, “ಜೂನ್‌ನಲ್ಲಿಯೂ ನೀವೇ ಬರ್ತೀರಾ ಸಾರ್?” ಎಂದು ಕೇಳಿದ. ನಾನು ಹಾಜರಿ ಪುಸ್ತಕ ಒಪ್ಪಿಸಿ ಹೊರಟುಬಂದೆ. ಮಳೆಗಾಲ ಕಳೆಯುವಷ್ಟರಲ್ಲಿ ಅವನು ಮತ್ತೆ ಶಾಲೆ ಬಿಟ್ಟಿದ್ದ.

2015ರ ಬಾಲನ್ಯಾಯ ಕಾಯಿದೆಯು, 18 ತುಂಬಿ ಪಾಲನಾ ಸಂಸ್ಥೆಯಿಂದ ಹೊರಬರುವವರಿಗೂ ಅನುಪಾಲನೆಗೆ ಅವಕಾಶವಿತ್ತಿದೆ. ಆಸರೆಯಿಲ್ಲದ ಮಗುವಿಗೆ ರಜೆಯಲ್ಲಿ ಪಾಠ ಹೇಳಿದವರು ಶಾಲೆ ತೆರೆದ ಮೇಲೂ ಒಂದು ವರ್ಷವಾದರೂ ವಾರಕ್ಕೊಮ್ಮೆ ಅದನ್ನು ವಿಚಾರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಳಸ, ಮೂಡಿಗೆರೆಗಳಲ್ಲಿ ಮೇಷ್ಟರಾಗಿರುವ ನನ್ನ ಶಿಷ್ಯರೇ, ನಾನು ಮಾಡದೆ ಬಿಟ್ಟ ಈ ಕೆಲಸವನ್ನು ನೀವಾದರೂ ಮಾಡಿ.