ಬೆರೆಸಿದ ಒಂದು ಭರಣಿ

ಈಚೆಗೆ ನಮ್ಮ ಬ್ಯಾಕೋಡು ಸೀಮೆಯಲ್ಲಿ ಯಾರ ಬಾಯಲ್ಲೂ ಒಂದೇ ಮಾತು: ‘ಸೇತುವೆ ಆತಲ, ಇನ್ನು ಎಂತಾರೂ ಶುರು ಮಾಡಬೇಕು.’ 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಬರುವ ಕಾರುಗಳು ಲಾಂಚಿಗೆ ಕಾಯುವುದು ತಪ್ಪಿತು. ನಮ್ಮ ಹುಡುಗರು ಉಪ್ಪಿನಕಾಯಿ, ಹಪ್ಪಳ, ಜೇನುತುಪ್ಪ ಮಾರುವ ಲೆಕ್ಕ ಹಾಕುತ್ತಿದ್ದಾರೆ. ಒಳ್ಳೆಯದೇ. ಆದರೆ ತರಬೇತಿಗೆ ಹೋಗಿ ಬಂದವರನ್ನು ಕೇಳಿದರೆ ಸಾಲ, ಲೇಬಲ್ಲು, ಮಿಷನ್ನು ಈ ಮೂರೇ ಹೇಳುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇಪ್ಪತ್ತು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮಾರಿ ಕಲಿತದ್ದು ಬೇರೆ. ಅದನ್ನು ಹೇಳಬೇಕಾದರೆ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

ನಮ್ಮದು ಎರಡು ಎಕರೆ ಖುಷ್ಕಿ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದಾಗ ಅಪ್ಪನ ಗದ್ದೆ ಮುಳುಗಿತು. ಗುಡ್ಡದ ಮೇಲೆ ಸಿಕ್ಕಿದ ಜಾಗದಲ್ಲಿ ನಾವು ಬೆಳೆದೆವು. ಅಂಗಳದಲ್ಲಿ ನಿಂತರೆ ಕಣ್ಣಿಗೆ ಕಾಣುವಷ್ಟೂ ಶರಾವತಿ ನೀರು, ಜಮೀನಿಗೆ ಮಾತ್ರ ಮಳೆಯೇ ಗತಿ. ಅಡಿಕೆ ತೋಟದವರ ಹಾಗೆ ಕೂತಲ್ಲಿ ದುಡ್ಡು ಬರುವ ಬದುಕಲ್ಲ. (ತೋಟದವರು ಸಿಟ್ಟು ಮಾಡಬಾರದು, ನಿಮ್ಮ ಕಷ್ಟ ನಿಮಗೆ ಗೊತ್ತು.) ಹಳ್ಳದ ಬದಿಯಲ್ಲಿ ಅಪ್ಪೆಯ ಮೂರು ಮರ ಇದ್ದವು, ಹೆಂಡತಿಗೆ ಅವಳ ಅಮ್ಮ ಕಲಿಸಿದ ಕೈರುಚಿ ಇತ್ತು. ಅಷ್ಟೇ ನಮ್ಮ ಬಂಡವಾಳ.

ಮಿಡಿಯ ಕೆಲಸ ಗೊತ್ತಿದ್ದವರಿಗೆ ಗೊತ್ತು. ತೊಟ್ಟು ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು. ಬಿದ್ದು ಪೆಟ್ಟಾದ ಒಂದು ಮಿಡಿ ಸಾಕು, ಭರಣಿಯೇ ಕೆಡುತ್ತದೆ. ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕಿ, ಮೇಲೆ ಭಾರ ಇಡಬೇಕು. ಮಿಡಿ ಚೆನ್ನಾಗಿ ಚಿರುಟಿದ ಮೇಲೆ ಆ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸು, ಅರಿಶಿನ ಕಡೆದು ಸೇರಿಸಬೇಕು. ಅವಸರ ಮಾಡಿದರೆ ನಡೆಯುವುದಿಲ್ಲ.

ಶುರು ಮಾಡಿದ ಐದನೇ ವರ್ಷ. ಸಾಗರದ ನಲವತ್ತು ಮನೆಯವರು ಮುಂಗಡ ಕೊಟ್ಟಿದ್ದರು. ಆ ವರ್ಷ ಹೂವಿನ ಕಾಲಕ್ಕೆ ಮೋಡ, ಜಿಗಿಹುಳು. ಅರ್ಧ ಮಿಡಿಯೂ ಸಿಗಲಿಲ್ಲ. ಮುಂಗಡದ ದುಡ್ಡು ಮಗಳ ಫೀಸಿಗೆ ಹೋಗಿತ್ತು. ನೆಂಟರೊಬ್ಬರು, ‘ಕಾಡುಮಾವಿನ ಮಿಡಿ ಬೆರೆಸು ಮಾರಾಯ, ಖಾರ ಹಾಕಿದ ಮೇಲೆ ಯಾರಿಗೆ ತಿಳೀತದೆ’ ಅಂದರು. ಹೆಂಡತಿ ಬೇಡವೇ ಬೇಡ ಅಂದಳು. ನಾನು ಬೆರೆಸಿದೆ.

ಆಷಾಢದ ಹೊತ್ತಿಗೆ ತಿಳಿಯಿತು. ಅಪ್ಪೆ ವರ್ಷ ಕಳೆದರೂ ಕಟುಕುಟು ಅನ್ನಬೇಕು, ಮುಚ್ಚಳ ತೆಗೆದರೆ ಪರಿಮಳ ಬರಬೇಕು. ಬೆರೆಸಿದ್ದು ಮೆತ್ತಗಾಗಿ ನಾರು ಬಿಟ್ಟಿತ್ತು. ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮಾರನೇ ವರ್ಷ ಮುಂಗಡ ಕೊಟ್ಟದ್ದು ಆರು ಮನೆ.

ಹೆಂಡತಿ ಒಂದೇ ಮಾತು ಹೇಳಿದಳು: ‘ದುಡ್ಡು ವಾಪಸು ಕೊಟ್ಟು ಬನ್ನಿ, ಇಲ್ಲದಿದ್ರೆ ನಾ ಇನ್ನು ಭರಣಿ ಮುಟ್ಟದಿಲ್ಲ.’ ಒಂದು ಎಮ್ಮೆ ಮಾರಿದೆವು. ನಾಲ್ಕು ಸಲ ಲಾಂಚು ದಾಟಿ ಸಾಗರಕ್ಕೆ ಹೋಗಿ ಮನೆ ಮನೆ ಬಾಗಿಲು ತಟ್ಟಿದೆ. ಕೆಲವರು ಎಣಿಸಿಕೊಂಡು ಬಾಗಿಲು ಹಾಕಿದರು. ರಿಟೈರಾದ ಟೀಚರಮ್ಮ ಒಬ್ಬರು ಮಾತ್ರ ದುಡ್ಡು ಮುಟ್ಟಲಿಲ್ಲ. ‘ನಾಯ್ಕರೇ, ಇದು ನಿಮ್ಮ ಹತ್ತಿರವೇ ಇರಲಿ. ಬರೋ ವರ್ಷ ಒಂದೇ ಬಾಟಲಿ ತನ್ನಿ, ನಾನು ತಿಂದು ನೋಡಿ ಹೇಳ್ತೇನೆ’ ಅಂದರು. ಕೂರಿಸಿ ಕಾಫಿ ಕೊಟ್ಟರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ ನೋಡಿ.

ಹಳೆಯ ನಲವತ್ತು ಮನೆ ತುಂಬಲು ಆರು ವರ್ಷ ಬೇಕಾಯಿತು. ಬೆರೆಸಿದ್ದು ಒಂದು ಮಧ್ಯಾಹ್ನದ ಕೆಲಸ.

ಛಲ ಬಿಡಬಾರದು ಅನ್ನುತ್ತಾರಲ್ಲ, ಅದನ್ನು ನಾವು ತಪ್ಪು ತಿಳಿದಿದ್ದೇವೆ. ಹೇಗಾದರೂ ಮಾಡಿ ಮಾಲು ಮುಟ್ಟಿಸುವುದು ಛಲವಲ್ಲ. ಫಸಲು ಕೈಕೊಟ್ಟ ವರ್ಷ ‘ಈ ಸಲ ಇಲ್ಲ’ ಅಂತ ಹೇಳಿ, ಕೂಲಿಗೆ ಹೋಗಿಯಾದರೂ ಆ ವರ್ಷ ದಾಟಿಸುವುದಿದೆಯಲ್ಲ, ಅದು ಕಷ್ಟ. ನಮ್ಮ ತಾಲೂಕಿನ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ‘ಚರಕ’ ಇದೆ. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1996ರಲ್ಲಿ ಶುರುವಾದ ಹೆಂಗಸರ ಸಹಕಾರ ಸಂಘ. ಅಡಿಕೆ ಬೇಯಿಸಿದ ಚೊಗರಿನಂಥ ನೈಸರ್ಗಿಕ ಬಣ್ಣದಲ್ಲೇ ಕೈಮಗ್ಗದ ಬಟ್ಟೆ ಮಾಡುತ್ತಾರೆ. 2020ರಲ್ಲಿ ಕೊರೋನಾ ಬಂದು ಮಾರಾಟ ಬಿದ್ದಾಗ ಅವರು ಕಷ್ಟವನ್ನು ಮುಚ್ಚಿಡಲಿಲ್ಲ, ನಡೆಸಲಾಗುತ್ತಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಪೇಪರಿನಲ್ಲಿ ಅದನ್ನು ಓದಿದಾಗ ನನಗೆ ಟೀಚರಮ್ಮನ ಮನೆ ಕಾಫಿ ನೆನಪಾಯಿತು.

ಈಗ ದಾರಿ ಬದಿ ‘ಮನೆಯಲ್ಲೇ ಮಾಡಿದ ಅಪ್ಪೆಮಿಡಿ’ ಅಂತ ಬೋರ್ಡು ಕಾಣುತ್ತದೆ. ಕೆಲವು ಬಾಟಲಿ ಎಲ್ಲಿಂದ ಬಂತೋ ದೇವರೇ ಬಲ್ಲ. ಕಾರಿನವರು ಮತ್ತೆ ಬರುವವರಲ್ಲ, ನಡೆಯುತ್ತದೆ ಅನ್ನುವ ಧೈರ್ಯ. ಇನ್ನು ಕೆಲವರು ಮಿಡಿ ಕೊಯ್ಯಲು ಹತ್ತುವ ಬದಲು ಕೊಂಬೆಯನ್ನೇ ಕಡಿದು ಇಳಿಸುತ್ತಾರೆ. ಮುಂದಿನ ವರ್ಷ ಮಿಡಿ ಎಲ್ಲಿಂದ ತರುತ್ತಾರೆ? ಹುಡುಗರಿಗೆ ತರಬೇತಿ ಕೊಡುವವರು ಲೆಕ್ಕ ಬರೆಯುವುದನ್ನು ಹೇಳಿಕೊಡುವಾಗ ಇದನ್ನೂ ಕೇಳಲಿ.

ನಮ್ಮ ಮೂರು ಮರಗಳಲ್ಲಿ ಒಂದು ಹೋದ ಮಳೆಗಾಲದಲ್ಲಿ ಬಿತ್ತು. ಅದರ ಕಡ್ಡಿ ತೆಗೆದು ಐದು ಕಸಿ ಕಟ್ಟಿದ್ದೆ, ಎರಡು ಚಿಗುರಿವೆ. ಈ ಸಲ ಮುಂಗಡ ತೆಗೆದುಕೊಂಡದ್ದು ಮೂವತ್ತು ಮನೆಯಿಂದ ಮಾತ್ರ.